ಹೊಲಿಗೆ ಅಕ್ಕೋರ ಲಾರಿ ಟ್ಯೂಬುಗಳು

ಹೋದ ತಿಂಗಳು ನಮ್ಮ ಹಳೆಯ ಶಾಲೆಯಲ್ಲಿ ಹೊಲಿಗೆ ಅಕ್ಕೋರಿಗೆ ಒಂದು ಶೋಕಸಭೆ ಮಾಡಿದರು. ಮಾಡಿದ್ದು ಸರಿಯೇ. ಆದರೆ ಅಲ್ಲಿ ಮಾತಾಡಿದವರು ಯಾರ ಬಗ್ಗೆ ಮಾತಾಡಿದರು ಎನ್ನುವುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ‘ಮೃದು ಸ್ವಭಾವದವರು’ ಎಂದರು ಒಬ್ಬರು. ‘ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತಿದ್ದರು’ ಎಂದರು ಇನ್ನೊಬ್ಬರು. ಮೂರನೆಯವರಂತೂ ‘ಸ್ವಂತ ಕಾರಣಗಳಿಂದ ಕೆಲಸ ಬಿಟ್ಟರು’ ಎಂದು ಹೇಳಿ ಕನ್ನಡಕ ಒರೆಸಿಕೊಂಡರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾನು ಎದ್ದು ಎರಡು ಮಾತು ಹೇಳಿಬಿಡೋಣ ಅನ್ನುವಷ್ಟರಲ್ಲಿ ಮೌನಾಚರಣೆ ಶುರುವಾಯಿತು. ಮೌನ ಮುಗಿದ ಮೇಲೆ ಚಹಾ ಬಂತು, ಚಹಾದ ಮೇಲೆ ಎಲ್ಲರೂ ಎದ್ದರು. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅಕ್ಕೋರಿಗೆ ಮೃದು ಸ್ವಭಾವ ಎನ್ನುವುದು ಇದ್ದರೆ ಅದನ್ನು ಅವರು ಯಾವ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿದ್ದರೋ ನನಗೆ ಗೊತ್ತಿಲ್ಲ. ಹೊಂದಿಕೊಂಡು ಹೋಗುವ ಮಾತಂತೂ ದೂರವೇ ಉಳಿಯಿತು. ಕೆಲಸವನ್ನು ಅವರು ಬಿಟ್ಟದ್ದಲ್ಲ, ಬಿಡಿಸಿದ್ದು. ಬೇಸಿಗೆ ರಜೆಯಲ್ಲಿ ಊರ ಹೆಂಗಸರನ್ನು ಲಾರಿ ಟ್ಯೂಬಿನ ಮೇಲೆ ಕೂರಿಸಿ ಹೊಳೆಯಲ್ಲಿ ತೇಲಿಸಿದರು ಎನ್ನುವ ಒಂದೇ ಕಾರಣಕ್ಕೆ ಬಿಡಿಸಿದ್ದು.

ನಾನು ಶಿರಾಲಿಯವಳು. ಮದುವೆಯಾಗಿ ಕುಮಟೆಗೆ ಬಂದು, ಅಲ್ಲಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಲು ಸೇರಿದಾಗ ನಮ್ಮ ಕಡೆ ರೈಲು ಓಡಾಟ ಶುರುವಾಗಿ ಹೆಚ್ಚು ಕಾಲ ಆಗಿರಲಿಲ್ಲ. ಅಕ್ಕೋರಿಗೆ ಆಗ ನಲವತ್ತೈದರ ಆಸುಪಾಸು. ಎತ್ತರದ ಆಳು, ಉದ್ದ ಕೈ, ದೊಡ್ಡ ದನಿ. ಕೊರಳಲ್ಲಿ ಕರಿಮಣಿಯ ಜೊತೆ ಅಳತೆ ಟೇಪು ಯಾವಾಗಲೂ ಇರುತ್ತಿತ್ತು. ಮಾತಾಡುವಾಗ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಸಿಟ್ಟು ಬಂದರೆ ಬಿಚ್ಚುತ್ತಿದ್ದರು. ಟೇಪು ಬಿಚ್ಚಿತೆಂದರೆ ಎಂಟನೇ ತರಗತಿಯ ಹುಡುಗಿಯರು ಸೂಜಿ ಕೆಳಗಿಟ್ಟು ಸುಮ್ಮನಾಗುತ್ತಿದ್ದರು. ಹೆಡ್ಮಾಸ್ತರರೂ ಅಷ್ಟೇ.

ಹೊಲಿಗೆ ತಪ್ಪಾದರೆ ಅವರು ತಿದ್ದಿಕೊಡುವವರಲ್ಲ. ಸರ್ರನೆ ಬಿಚ್ಚಿ ಎದುರಿಗೆ ಇಡುತ್ತಿದ್ದರು. ನಾನು ಸೇರಿದ ಹೊಸತರಲ್ಲಿ ಒಂದು ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನನ್ನ ರವಿಕೆಯ ತೋಳು ಎಳೆದು ನೋಡಿ, “ಇದ್ನ ಹೊಲ್ದವ್ರು ಯಾರು ತಂಗಿ? ಕೈಗೆ ಅಂತ ಹೊಲ್ದದ್ದಾ, ಕಾಲಿಗಾ?” ಎಂದು ಕೇಳಿದರು. ಹೊಲಿದವಳು ನಾನೇ. ಅವರ ಜೊತೆ ಮಾತು ಬಿಟ್ಟೆ. ಕೆಲವು ದಿನ ಬಿಟ್ಟು ಅವರೇ ಒಂದು ಹೊಸ ರವಿಕೆ ಹೊಲಿದು ತಂದು ನನ್ನ ಮೇಜಿನ ಮೇಲೆ ಒಗೆದು, “ಸಿಟ್ಟು ಮುಗ್ದಿದ್ರೆ ಹಾಕ್ಕಂಡು ನೋಡು” ಎಂದರು. ಅಷ್ಟು ಚಂದ ಕೂರುವ ಇನ್ನೊಂದು ರವಿಕೆಯನ್ನು ನಾನು ಆಮೇಲೆ ಹಾಕಿದ್ದಿಲ್ಲ. ಆ ಸಿಟ್ಟು ಮಾತ್ರ ಈಗಲೂ ಸ್ವಲ್ಪ ಇದೆ.

ನಮ್ಮ ಕಡೆ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುವುದು ಹಳೆಯ ರೂಢಿ. ಆ ಹೊತ್ತಿಗಾಗಲೇ ನಾವೆಲ್ಲ ಮೇಡಂ ಆಗಿಬಿಟ್ಟಿದ್ದೆವು. ಅವರು ಮಾತ್ರ ಆಗಲಿಲ್ಲ. ಭಟ್ಕಳ ತಾಲೂಕಿನ ಬೆಳಕೆಯಲ್ಲಿ ಮೀನುಗಾರರ ಮನೆಯಲ್ಲಿ ಹುಟ್ಟಿದವರು. ಅಪ್ಪ, ಅಣ್ಣಂದಿರು ಎಲ್ಲ ಕಡಲಿಗೆ ಹೋಗುವವರು. ಅಂಥ ಮನೆಯಲ್ಲೂ ಹೆಣ್ಣುಮಕ್ಕಳಿಗೆ ಈಜು ಕಲಿಸುವ ಪದ್ಧತಿ ಇರಲಿಲ್ಲ. ಮೀನು ಬುಟ್ಟಿ ಹೊರುವುದು, ಮಾರುವುದು, ಬಲೆಯ ಹರಕು ಕಟ್ಟುವುದು, ಇಷ್ಟೇ. ಇವರು ಅಣ್ಣಂದಿರ ಜೊತೆ ಜಗಳ ತೆಗೆದು, ಊರ ಹಳ್ಳ ಕಡಲು ಸೇರುವ ಕಡೆ ಬಿದ್ದು ಎದ್ದು ನೀರು ಕುಡಿದು ಕಲಿತರಂತೆ. ನನಗೆ ಈಜು ಬರುವುದಿಲ್ಲ ಎಂದು ಗೊತ್ತಾದ ದಿನ ಕೇಳಿದರು, “ಶಿರಾಲಿಯಿಂದ ಕಡ್ಲು ಎಷ್ಟು ದೂರ?”

“ಹತ್ರವೇ” ಎಂದೆ.

“ಹತ್ರ ಇಟ್ಕಂಡೂ ಬರುದಿಲ್ಲ ಅನ್ನುಕೆ ನಾಚ್ಕೆ ಆಗುದಿಲ್ವಾ?”

ನಾಚಿಕೆಗಿಂತ ಹೆಚ್ಚಾಗಿ ಮೈ ಉರಿಯಿತು. ಆದರೆ ಯೋಚನೆ ಮಾಡಿದರೆ ಅವರು ಹೇಳಿದ್ದರಲ್ಲಿ ಸುಳ್ಳೇನಿದೆ? ಭಟ್ಕಳದಿಂದ ಹೊನ್ನಾವರ ದಾಟಿ ಕುಮಟೆಯವರೆಗೆ ಬಂದರೆ ಪಶ್ಚಿಮಕ್ಕೆ ಪೂರ್ತಿ ಕಡಲು, ಅಡ್ಡಡ್ಡ ಹೊಳೆಗಳು. ಬೇಸಿಗೆ ಬಂತೆಂದರೆ ನನ್ನ ತಮ್ಮಂದಿರು ಬೆಳಿಗ್ಗೆ ನೀರಿಗೆ ಬಿದ್ದವರು ಊಟದ ಹೊತ್ತಿಗೆ ಕಣ್ಣು ಕೆಂಪು ಮಾಡಿಕೊಂಡು ಬರುತ್ತಿದ್ದರು. ಅವರ ಒದ್ದೆ ಚಡ್ಡಿ ಹಿಂಡಿ ಒಣಹಾಕುವುದು ನನ್ನ ಕೆಲಸ. ನನ್ನ ಪಾಲಿಗೆ ಬಂದ ಹೊಳೆ ಆ ಚಡ್ಡಿಯಿಂದ ಇಳಿದಷ್ಟೇ. ಇದನ್ನು ಅಕ್ಕೋರಿಗೆ ಹೇಳಿದಾಗ ಅವರು ನಗಲಿಲ್ಲ. ಟೇಪನ್ನು ಬೆರಳಿಗೆ ಸುತ್ತುತ್ತ, “ಈ ಬೇಸಿಗೆಗೆ ಹೋಗ್ವ” ಎಂದರು. “ಎಲ್ಲಿಗೆ? ಎಂತಕ್ಕೆ?” ಎಂದೆ. “ಎಂತಕ್ಕೆ ಅಂತ ಕೇಳ್ಬೇಡ. ಎಷ್ಟೊತ್ತಿಗೆ ಅಂತ ಕೇಳು.”

ಶಿವರಾತ್ರಿ ಕಳೆದ ಮೇಲೆ ಅವರ ತಯಾರಿ ಶುರುವಾಯಿತು. ಹೊಲಿಗೆ ಕೋಣೆಯ ದೊಡ್ಡ ಮೇಜಿನ ಮೇಲೆ ಹಳೆಯ ಪರದೆ ಬಟ್ಟೆ ಹಾಸಿ, ದರ್ಜಿ ಸೀಮೆಸುಣ್ಣದಲ್ಲಿ ಅಘನಾಶಿನಿ ಹೊಳೆಯನ್ನೇ ಬರೆದರು. ಇದು ಮಿರ್ಜಾನದ ಕಡೆ, ಇದು ನಾವು ಇಳಿಯುವ ದೋಣಿ ಧಕ್ಕೆ, ಇದು ಗಜನಿಯ, ಎಂದರೆ ಉಪ್ಪುನೀರಿನ ಗದ್ದೆಯ, ಕಟ್ಟೆ, ಇತ್ತ ಕೆಳಗೆ ಹೊಳೆ ಕಡಲು ಸೇರುವ ಅಳಿವೆ. ಲಂಗದ ಅಳತೆ ಗುರುತು ಹಾಕಿದ ಹಾಗೆ ಅಲ್ಲಲ್ಲಿ ಗೆರೆ ಎಳೆದು, ಬರುತ್ತೇವೆ ಎಂದಿದ್ದ ಶಾಲೆಯ ಹೆಂಗಸರಿಗೆಲ್ಲ ತಿಳಿಸಿ ಹೇಳಿದರು. ಕಡಲಿಗೆ ಹತ್ತಿರದ ಹೊಳೆ ದಿನಕ್ಕೆ ಎರಡು ಸಲ ಹಿಂದಕ್ಕೆ ಹರಿಯುತ್ತದೆ. ಕಡಲು ಏರಿದಾಗ ನೀರು ಮೇಲಕ್ಕೆ, ಇಳಿದಾಗ ಕೆಳಕ್ಕೆ. ಹುಣ್ಣಿಮೆ, ಅಮಾವಾಸ್ಯೆಗೆ ಏರುವುದೂ ಜೋರು, ಇಳಿಯುವುದೂ ಜೋರು. ಅಷ್ಟಮಿಯ ಆಸುಪಾಸಿಗೆ ಎರಡೂ ಮೆತ್ತಗೆ. ಅಷ್ಟಮಿಯ ದಿನ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ನೀರು ಏರಲು ಶುರು ಮಾಡುತ್ತದೆ, ಬಿಸಿಲು ತಣಿಯುವವರೆಗೂ ನಿಧಾನವಾಗಿ ಮೇಲಕ್ಕೇ ಒಯ್ಯುತ್ತದೆ. “ಈಜು ಬರದವ್ರಿಗೆ ಇದೇ ದಿನ ಬೇಕು. ಕೈ ತಪ್ಪಿದ್ರೂ ಹೊಳೆ ನಮ್ಮನ್ನ ಊರ ಕಡೆಗೇ ತಕಂಡು ಹೋಗ್ತದೆ, ಕಡ್ಲಿಗಲ್ಲ” ಎಂದರು.

ಟ್ಯೂಬುಗಳು ಅವರ ಯಜಮಾನರ ಕೊಡುಗೆ. ಯಜಮಾನರು ಹೈವೇಯಲ್ಲಿ ಲಾರಿ ಓಡಿಸುತ್ತಿದ್ದರು, ಮಾತು ಬಹಳ ಕಡಿಮೆ. ಹೆಂಡತಿ ಹಳೆಯ ಟ್ಯೂಬ್ ಕೇಳಿದಾಗ ಯಾಕೆ ಎಂದು ಕೇಳದೆ ತಂದು, ಪಂಕ್ಚರ್ ಹಾಕಿಸಿ, ಗಾಳಿ ತುಂಬಿಸಿ ಕೊಟ್ಟರು. ಲಾರಿ ಟ್ಯೂಬಿಗೆ ಗಾಳಿ ಹಾಕುವ ಕಡೆ ಒಂದು ಹಿತ್ತಾಳೆ ಮೂತಿ ಇರುತ್ತದಲ್ಲ, ಅದು ಮೈಗೆ ಗೀರುತ್ತದೆ. ಅಕ್ಕೋರು ಹಳೆಯ ಸೀರೆಗಳನ್ನು ಮಡಿಸಿ ಕೌದಿಯ ಹಾಗೆ ಹೊಲಿದು ಪ್ರತಿ ಟ್ಯೂಬಿಗೂ ಒಂದು ಅಂಗಿ ತೊಡಿಸಿದರು. ಕುಂಡೆ ಕೆಳಗೆ ಜಾರಬಾರದು ಎಂದು ನಡುವಿನ ತೂತಿಗೆ ಅಣ್ಣಂದಿರ ಹರಕು ಬಲೆ ಕಟ್ಟಿದರು. ಸೀರೆಯೊಳಗೆ ಹಾಕಿಕೊಳ್ಳಲು ನಮಗೆಲ್ಲ ಮೊಣಕಾಲಿನವರೆಗೆ ಚಡ್ಡಿ ಹೊಲಿದರು. ಬಟ್ಟೆ ಯಾವುದು ಗೊತ್ತೇ? ಮುರಿದ ಕೊಡೆಗಳದ್ದು. ಬೇಗ ಒಣಗುತ್ತದೆ, ಮೈಗೆ ಅಂಟುವುದಿಲ್ಲ, ಕಪ್ಪು. ಶಾಲೆಯ ಹೆಂಗಸರೆಲ್ಲ ಅಟ್ಟದ ಮೇಲಿನ ಮುರುಕು ಕೊಡೆ ಇಳಿಸಿ ಕೊಟ್ಟೆವು. ಸಾಲದ್ದನ್ನು ಅಕ್ಕೋರು ಗುಜರಿಯಲ್ಲಿ ಕೊಂಡರು, ಕಡ್ಡಿಯನ್ನು ತೆಗೆದುಕೊಳ್ಳದೆ ಬಟ್ಟೆ ಮಾತ್ರ ತೆಗೆದುಕೊಳ್ಳುತ್ತಾರೆ ಎಂದು ಗುಜರಿಯವನಿಗೆ ಸೋಜಿಗವಾಯಿತಂತೆ.

ಇಷ್ಟರವರೆಗೆ ಯಾರಿಗೂ ತಕರಾರಿರಲಿಲ್ಲ. ತಕರಾರು ಬಂದದ್ದು ಮನೆಯಲ್ಲಿ ಏನು ಹೇಳಿ ಹೊರಡುವುದು ಎನ್ನುವಲ್ಲಿ. ನಮ್ಮ ಕಡೆ ಹೆಂಗಸರು ಒಟ್ಟಾಗಿ ಮನೆ ಬಿಡಬೇಕೆಂದರೆ ದೇವಸ್ಥಾನ ಇರಬೇಕು, ಇಲ್ಲ ಮದುವೆ ಇರಬೇಕು, ಇಲ್ಲ ಬಾಣಂತಿ ನೋಡುವುದಿರಬೇಕು. ಸುಮ್ಮನೆ ಆಡಲು ಹೋಗುತ್ತೇವೆ ಎಂದು ಯಾರೂ ಹೇಳಿದ್ದಿಲ್ಲ. “ಗೋಕರ್ಣಕ್ಕೆ ಹೋಗ್ತೇವೆ ಅಂತ ಹೇಳಿದ್ರಾತು, ಬರುವಾಗ ದಾರೀಲಿ ಇಳಿದ್ರಾತು” ಎಂದು ಒಬ್ಬರು ಸೂಚಿಸಿದರು. ನಾನೂ ತಲೆಯಾಡಿಸಿದೆ. ಅಕ್ಕೋರ ಟೇಪು ಬಿಚ್ಚಿತು.

“ದೇವ್ರ ಹೆಸ್ರು ಹೇಳುದಾದ್ರೆ ದೇವಸ್ಥಾನಕ್ಕೇ ಹೋಗ್ವ, ಕೈ ಮುಗ್ದು ಬರುವ. ನಾವು ಹೋಗುದು ನೀರಾಡುಕೆ. ನೀರಾಡುಕೆ ಅಂತ್ಲೇ ಹೇಳಿ ಬನ್ನಿ. ಹೇಳುಕೆ ಆಗದವ್ರು ಬರುದು ಬೇಡ.”

ಹನ್ನೆರಡು ಹೆಂಗಸರ ಗುಂಪು ಕರಗಿ ನಾಲ್ಕಾಯಿತು. ನಾನು ಹೇಗೆ ಉಳಿದೆ ಎಂದರೆ, ರಾತ್ರಿ ಊಟದ ಹೊತ್ತಿಗೆ ಗಂಡನ ತಟ್ಟೆಗೆ ಅನ್ನ ಬಡಿಸುತ್ತ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ತಮಾಷೆ ಎಂದುಕೊಂಡರು. ಅದು ತಮಾಷೆಯಲ್ಲ ಎಂದು ಅವರಿಗೆ ಗೊತ್ತಾಗುವ ಹೊತ್ತಿಗೆ ನಾನು ಟೆಂಪೋ ಹತ್ತಿ ಆಗಿತ್ತು.

ಆ ಮೊದಲ ಅಷ್ಟಮಿಯ ಬಗ್ಗೆ ಬರೆಯಲು ಕೂತರೆ ನನ್ನ ಕೈ ಈಗಲೂ ಹಗುರಾಗುತ್ತದೆ. ಧಕ್ಕೆಯ ಪಕ್ಕ ಅವಲಕ್ಕಿ, ಕಲ್ಲಂಗಡಿ ತಿಂದು, ಮುರುಗಲು ಪಾನಕ ಕುಡಿದು, ನಾಲ್ಕು ಟ್ಯೂಬನ್ನು ನಾರಿನ ಹಗ್ಗದಲ್ಲಿ ಒಂದರ ಹಿಂದೆ ಒಂದು ಕಟ್ಟಿ ನೀರಿಗಿಳಿದೆವು. ಮೊದಲು ನಾನು ಕಣ್ಣು ಮುಚ್ಚಿ ಟ್ಯೂಬಿನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಸ್ವಲ್ಪ ಹೊತ್ತಿನಲ್ಲಿ ಅಕ್ಕೋರು, “ಕಣ್ಣು ಬಿಡು. ದುಡ್ಡು ಕೊಟ್ಟು ಸಿನಿಮಾಕ್ಕೆ ಹೋಗಿ ಕಣ್ಣು ಮುಚ್ಚಿ ಕೂತ್ಕಂತಿಯಾ?” ಎಂದು ಬೈದರು. ಬಿಟ್ಟೆ. ಮೇಲೆ ಬರೀ ಆಕಾಶ, ಪಕ್ಕದಲ್ಲಿ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲ ಗಿಡಗಳ ಸಾಲು ಮೆಲ್ಲಗೆ ಹಿಂದಕ್ಕೆ ಹೋಗುತ್ತಿತ್ತು. ನಾನು ಏನೂ ಮಾಡುತ್ತಿರಲಿಲ್ಲ. ಮದುವೆಯಾದ ಮೇಲೆ ಎಚ್ಚರವಿದ್ದೂ ಏನೂ ಮಾಡದೆ ಇದ್ದ ಮೊದಲ ಮಧ್ಯಾಹ್ನ ಅದು. ಸುಖ ಎನ್ನುವ ಮಾತನ್ನು ಪಾಠದಲ್ಲಿ ಎಷ್ಟೋ ಸಲ ಬಳಸಿದ್ದೇನೆ, ಅದರ ಅರ್ಥ ಆ ದಿನ ಗೊತ್ತಾಯಿತು.

ಸುದ್ದಿ ಹಬ್ಬಿತು. ಮುಂದಿನ ಬೇಸಿಗೆಗೆ ಕೇಳಿಕೊಂಡು ಬಂದವರ ಸಾಲಿನಲ್ಲಿ ನನ್ನ ಅತ್ತೆಯೂ ಇದ್ದರು. ಅರವತ್ತು ದಾಟಿದವರು, ಭಾರದ ಮೈ, ಪಂಚಾಂಗ ನೋಡದೆ ಉಪ್ಪಿನಕಾಯಿ ಭರಣಿಯನ್ನೂ ತೆರೆಯದವರು. ವರ್ಷವಿಡೀ ನನ್ನ ಬಾಯಲ್ಲಿ ಹೊಳೆಯ ಕತೆ ಕೇಳಿ ಕೇಳಿ ಒಂದು ದಿನ, “ನಾನೂ ಬತ್ತೆ” ಎಂದರು. ನನಗೆ ನಂಬಿಕೆಯಾಗಲಿಲ್ಲ. ಅಕ್ಕೋರಿಗೆ ಮಾತ್ರ ಎಲ್ಲಿಲ್ಲದ ಸಂತೋಷ. ಅತ್ತೆಗೆಂದೇ ಎಲ್ಲಕ್ಕಿಂತ ದೊಡ್ಡ ಟ್ಯೂಬ್ ತೆಗೆದಿಟ್ಟರು. ಆದರೆ ದಿನದ ಮಾತು ಬಂದಾಗ ಅತ್ತೆ ಗಟ್ಟಿ ನಿಂತರು. “ಅಷ್ಟಮಿ, ನವಮಿಗೆ ಮನೆ ಬಿಟ್ಟು ಹೊರಡುದು ಉಂಟಾ ಅಕ್ಕೋರೆ? ಅದೂ ನೀರಿಗೆ! ಹುಣ್ಣಿಮೆಗೆ ಇಡಿ, ಒಳ್ಳೆ ದಿನ.” ಉಳಿದ ಹೆಂಗಸರೂ ಅತ್ತೆಯ ಕಡೆಯೇ. ಅವರೆಲ್ಲರ ಮನೆಯಲ್ಲೂ ಅಷ್ಟಮಿಗೆ ಶುಭ ಕೆಲಸಕ್ಕೆ ಹೊರಡುವ ಪದ್ಧತಿ ಇರಲಿಲ್ಲ.

ಅಕ್ಕೋರು ಸುಮಾರು ವಾದ ಮಾಡಿದರು. ಹೊಳೆ ಪಂಚಾಂಗದ ಒಳ್ಳೇದು ಕೆಟ್ಟದ್ದು ನೋಡುವುದಿಲ್ಲ, ಚಂದ್ರನನ್ನು ಮಾತ್ರ ನೋಡುತ್ತದೆ ಎಂದರು. ಯಾರೂ ಕೇಳಲಿಲ್ಲ. ಕೊನೆಗೆ, “ಆತು, ಹುಣ್ಣಿಮೆ. ಆದ್ರೆ ಬೆಳಿಗ್ಗೆ ಬೇಗ ಹೋಗ್ಬೇಕು. ನೀರು ಏರುವಾಗ ಇಳ್ದು, ತುಂಬುವ ಮೊದ್ಲೇ ಮೇಲೆ ಬರ್ಬೇಕು” ಎಂದು ಒಪ್ಪಿದರು. ನಾನು ಅವರನ್ನು ಕಂಡ ಅಷ್ಟು ವರ್ಷಗಳಲ್ಲಿ ಅವರು ಯಾರಿಗಾದರೂ ಬಗ್ಗಿದ್ದು ಅದೊಂದೇ ಸಲ. ಅತ್ತೆಯಂಥ ಒಬ್ಬರು ನೀರಿಗಿಳಿಯುತ್ತಾರೆ ಎನ್ನುವ ಆಸೆ ಅವರನ್ನು ಬಗ್ಗಿಸಿತು.

ಹುಣ್ಣಿಮೆ ಎಂದರೆ ನಮ್ಮ ಅತ್ತೆಗೆ ಸತ್ಯನಾರಾಯಣ ಪೂಜೆ. ಪೂಜೆ ಮುಗಿಯದೆ ಹೊರಡುವ ಹಾಗಿಲ್ಲ, ಭಟ್ಟರು ಬಂದದ್ದೇ ತಡವಾಗಿ, ಪ್ರಸಾದ ಹಂಚದೆ ಏಳುವ ಹಾಗಿಲ್ಲ. ಅಕ್ಕೋರು ಟೆಂಪೋದಲ್ಲಿ ಕೂತು ನಮ್ಮ ಮನೆಯ ಗೇಟು ನೋಡುತ್ತ ಟೇಪು ಬಿಚ್ಚುವುದು, ಸುತ್ತುವುದು ಮಾಡಿದರು. ನಾವು ಧಕ್ಕೆ ಮುಟ್ಟುವಾಗ ಹೊಳೆ ದಡ ಮುಟ್ಟಿ ತುಂಬಿ ನಿಂತಿತ್ತು. ನೋಡಿದರೆ ಕೆರೆಯ ಹಾಗೆ ಶಾಂತ. “ಇವತ್ತು ಬೇಡ” ಎಂದರು ಅಕ್ಕೋರು. “ಇಷ್ಟು ದೂರ ಬಂದು?” ಎಂದರು ಹೆಂಗಸರು. ದಡದ ಹತ್ತಿರವೇ ಟ್ಯೂಬಿನಲ್ಲಿ ಒಂದು ಗಳಿಗೆ ಕೂತು ಎದ್ದುಬಿಡುವುದು, ಕಟ್ಟಿದ ಹಗ್ಗ ಮಾತ್ರ ಬಿಚ್ಚಬಾರದು ಎಂದು ತೀರ್ಮಾನವಾಯಿತು. ಟ್ಯೂಬುಗಳ ಹಗ್ಗವನ್ನು ಒಂದು ಕಾಂಡ್ಲ ಗಿಡಕ್ಕೆ ಬಿಗಿದೆವು. ಅತ್ತೆ ಮತ್ತು ನಾನು ತುದಿಯ ಎರಡು ಟ್ಯೂಬುಗಳಲ್ಲಿ ಮೊದಲು ಕೂತೆವು. ಉಳಿದವರು ಸೀರೆ ಸರಿಮಾಡಿಕೊಳ್ಳುತ್ತಿರುವಾಗ ನೀರು ತಿರುಗಿತು. ನಮ್ಮನ್ನು ಒಮ್ಮೆ ಎಳೆದದ್ದಷ್ಟೇ ಗೊತ್ತು, ಕೊಂಬೆ ಲಟಕ್ಕೆಂದಿತು. ಖಾಲಿ ಟ್ಯೂಬುಗಳನ್ನು ಹಿಂದೆ ಎಳೆದುಕೊಂಡು ಅತ್ತೆ ಸೊಸೆ ಇಬ್ಬರೂ ಅಳಿವೆಯ ಕಡೆಗೆ ಹೊರಟೆವು.

 ಅತ್ತೆ ನನ್ನ ಕೈ ಬಿಗಿಯಾಗಿ ಹಿಡಿದು ಸತ್ಯನಾರಾಯಣನನ್ನೇ ಕೂಗಿದರು. ಹಿಂದೆ ತಿರುಗಿ ನೋಡಿದರೆ ಅಕ್ಕೋರು ಸೀರೆ ಸುತ್ತಿ ಕಚ್ಚೆ ಹಾಕಿಕೊಂಡು ನೀರಿಗೆ ಹಾರಿ ಆಗಿತ್ತು. ಇಳಿಯುವ ನೀರಿನ ಜೊತೆಗೇ ಈಜಿ ಬಂದು ಹಗ್ಗದ ತುದಿ ಹಿಡಿದರು. ಆದರೆ ಆ ಎಳೆತಕ್ಕೆ ಒಬ್ಬರ ತೋಳು ಸಾಲದು. ಮುಂದೆ ಹೊಳೆಯ ನಡುವೆ ತುಂಬಿದ ನೀರಲ್ಲೂ ಮುಳುಗದ ಒಂದು ಮರಳು ದಿಬ್ಬ ಇತ್ತು. ಅದರ ಅಂಚಿಗೆ ಬಳಚು ಹೆಕ್ಕುವ ಹೆಂಗಸರು, ಬಳಚು ಅಂದರೆ ಹೊಳೆಯ ತಳದಲ್ಲಿ ಸಿಗುವ ಚಿಪ್ಪುಮೀನು, ದೋಣಿ ನಿಲ್ಲಿಸಿ ಎದೆಮಟ್ಟದ ನೀರಿಗೆ ಆಗಷ್ಟೇ ಇಳಿದಿದ್ದರು. ಅಕ್ಕೋರು ಕೂಗಿದರು. ಅವರು ಸಾಲಾಗಿ ಕೈ ಕೈ ಹಿಡಿದು ನಿಂತು ಹಗ್ಗವನ್ನು ಹಿಡಿದು ನಮ್ಮನ್ನು ದಿಬ್ಬಕ್ಕೆ ಎಳೆದು ಹಾಕಿದರು. ನಮ್ಮ ಕೊಡೆ ಬಟ್ಟೆಯ ಚಡ್ಡಿ ನೋಡಿ ಆ ಹೆಂಗಸರು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಮೊದಲು ನನಗೆ ಅಳು ಬಂತು, ಆಮೇಲೆ ಅವರ ಜೊತೆ ನಾನೂ ನಕ್ಕೆ.

ಯಾರಿಗೂ ಒಂದು ಗೀರೂ ಆಗಲಿಲ್ಲ. ಆದರೆ ಸಂಜೆಯೊಳಗೆ ಕುಮಟೆಯ ಪೇಟೆಯಲ್ಲಿ ನಾವಿಬ್ಬರೂ ಸತ್ತು ಹುಟ್ಟಿ ಆಗಿತ್ತು. ನನ್ನ ಗಂಡ, “ಇನ್ನು ಸಾಕು” ಎಂದರು. ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ಅಕ್ಕೋರನ್ನು ಕರೆಸಿದರು. ಅಧ್ಯಕ್ಷರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಶಾಲೆಯ ಹೆಸರಿನಲ್ಲಿ ಒಂದು ಹೆಣ ಬೀಳಬಾರದು ಎನ್ನುವ ಹೆದರಿಕೆ ಅವರದ್ದು. ಅಷ್ಟು ಹೇಳಿ ಬಿಟ್ಟಿದ್ದರೆ ಒಪ್ಪಬಹುದಿತ್ತು. “ಹೆಂಗಸರಿಗೆ ಎಂತಕ್ಕೆ ಬೇಕು ಇದೆಲ್ಲ? ಮರ್ಯಾದಸ್ಥರು ನೀರಿಗೆ ಇಳೀತಾರಾ?” ಎಂದೂ ಸೇರಿಸಿದರು.

ಬಾಗಿಲಲ್ಲಿ ನಿಂತಿದ್ದ ನನಗೆ ಅಕ್ಕೋರ ಉತ್ತರ ಪೂರ್ತಿ ಕೇಳಿಸಿತು. “ಬಳಚು ಹೆಕ್ಕುವ ಹೆಂಗಸ್ರು ದಿನಾ ಎದೆಮಟ್ಟ ನೀರಲ್ಲಿ ನಿಲ್ತಾರೆ ಸರ್. ಆ ಬಳಚು ನಿಮ್ಮ ಮನೆಗೂ ಬರ್ತದೆ. ಅವ್ರಿಗೆ ಯಾರೂ ಮರ್ಯಾದಿ ಪಾಠ ಹೇಳುದಿಲ್ಲ. ದುಡಿಯೂಕೆ ಇಳಿದ್ರೆ ಅಡ್ಡಿಲ್ಲ, ನಗುಕೆ ಇಳಿದ್ರೆ ಅಡ್ಡಿಯಾ? ತಪ್ಪಾದ್ದು ಹೌದು. ನೀರಿಗೆ ಇಳ್ದದ್ದು ತಪ್ಪಲ್ಲ. ನಾನು ದಿನ ಬದ್ಲು ಮಾಡಿದ್ದು ತಪ್ಪು. ನಾಲ್ಕು ಜನ ಹೇಳಿದ್ರು ಅಂತ ಗೊತ್ತಿದ್ದೂ ಗೊತ್ತಿದ್ದೂ ಒಪ್ಪಿದೆ. ಇನ್ನು ಒಪ್ಪುದಿಲ್ಲ. ಬಪ್ಪ ವರ್ಷ ಅಷ್ಟಮಿಗೇ ಹೋಗುದು.”

ಅಧ್ಯಕ್ಷರು ಮಂಡಳಿಯ ಸಭೆ ಕರೆದು, ಶಾಲೆಯ ಯಾವ ಶಿಕ್ಷಕಿಯೂ ಯಾರನ್ನೂ ಜಲಕ್ರೀಡೆಗೆ ಕರೆದೊಯ್ಯಬಾರದು ಎಂದು ಠರಾವು ಮಾಡಿದರು. ಜಲಕ್ರೀಡೆ ಎಂಬ ಪದ ನೋಡಿ ಅಕ್ಕೋರು ಬಿದ್ದು ಬಿದ್ದು ನಕ್ಕರು.

ಅವರ ಕೆಲಸ ಕಾಯಂ ಆಗಿರಲಿಲ್ಲ. ಪ್ರತಿ ಜೂನ್ ತಿಂಗಳಲ್ಲಿ ಮಂಡಳಿ ಹೊಸ ಆದೇಶ ಕೊಡಬೇಕು. ಆ ವರ್ಷವೇನೋ ಕೊಟ್ಟರು. ಮೇ ತಿಂಗಳಲ್ಲಿ ಹೊಳೆಗಿಳಿದರೆ ಜೂನ್‌ನಲ್ಲಿ ಏನಾಗುತ್ತದೆ ಎನ್ನುವುದು ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಮುಚ್ಚಿಟ್ಟು ಮಾಡಬಹುದಿತ್ತು. ಅವರು ಹಾಗೆ ಮಾಡುವವರೇ ಅಲ್ಲ. ಫೆಬ್ರುವರಿಯಿಂದಲೇ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, “ವೈಶಾಖದ ಬಹುಳ ಅಷ್ಟಮಿ, ಊಟ ಆದ ಮೇಲೆ, ಅದೇ ಧಕ್ಕೆ” ಎಂದು ಸಾರುತ್ತಿದ್ದರು. ನಾನು ಒಮ್ಮೆ ಬೇಡಿಕೊಂಡೆ, “ಒಂದು ವರ್ಷ ಬಿಡಿ ಅಕ್ಕೋರೆ, ಗದ್ದಲ ಆರಲಿ.” ಅವರು ಸೂಜಿಗೆ ದಾರ ಪೋಣಿಸುತ್ತ ಹೇಳಿದರು, “ಈ ವರ್ಷ ಬಿಟ್ರೆ ಎಂತ ಆಗ್ತದೆ ಗೊತ್ತುಂಟಾ? ಹೊಳೆ ಹೆಂಗಸ್ರನ್ನ ನುಂಗೂಕೆ ಬಂದಿತ್ತು ಅನ್ನುದೇ ಕತೆ ಆಗಿ ಉಳೀತದೆ. ನಿನ್ನ ಮಗಳು ಅದನ್ನೇ ಕೇಳಿ ದೊಡ್ಡೋಳಾಗ್ತಾಳೆ. ನನ್ಗೆ ಕೆಲ್ಸ ಹೊಲಿಗೇದು, ಅದು ಎಲ್ಲಿ ಬೇಕಾದ್ರೂ ಸಿಗ್ತದೆ.”

ಜೂನ್‌ನಲ್ಲಿ ಆದೇಶ ಬರಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಅವರು ಹೊನ್ನಾವರಕ್ಕೆ ಹೋಗಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ ಹಿಡಿದು ಮಿಷನ್ ಹಾಕಿಕೊಂಡರು. ಮೊದಲ ಒಂದೆರಡು ವರ್ಷ ಬಹಳ ಕಷ್ಟವಾಯಿತು. ಯಜಮಾನರ ಲಾರಿ ಇಲ್ಲದಿದ್ದರೆ ಒಲೆ ಹೊತ್ತುತ್ತಿರಲಿಲ್ಲವೇನೋ. ಅದನ್ನೂ ಅವರು ಮುಚ್ಚಿಡಲಿಲ್ಲ, ಹೆಚ್ಚು ಮಾಡಿಯೂ ಹೇಳಲಿಲ್ಲ. ಮಿಷನ್ನಿನ ಹಿಂದಿನ ಗೋಡೆಗೆ ಟ್ಯೂಬುಗಳು ತೂಗುತ್ತಿದ್ದವು. ರವಿಕೆ ಹೊಲಿಸಲು ಬಂದವರು ಅದು ಏನೆಂದು ಕೇಳದೆ ಇರುತ್ತಿರಲಿಲ್ಲ, ಕೇಳಿದವರಲ್ಲಿ ಕೆಲವರು ಮೇ ತಿಂಗಳಲ್ಲಿ ಶರಾವತಿಗೆ ಇಳಿಯದೆ ಇರುತ್ತಿರಲಿಲ್ಲ. ಈಗ ಅದೇ ಹೊಳೆಯಲ್ಲಿ ದುಡ್ಡು ಕೊಟ್ಟು ದೋಣಿ ಹತ್ತುವವರು ಬೇಕಾದಷ್ಟು ಜನ. ಮರ್ಯಾದೆಯ ಪ್ರಶ್ನೆ ಯಾರೂ ಎತ್ತುವುದಿಲ್ಲ. ಟಿಕೆಟ್ ಇದ್ದರೆ ಎಲ್ಲದಕ್ಕೂ ಮರ್ಯಾದೆ ಬರುತ್ತದೆ ಎಂದು ಕಾಣುತ್ತದೆ.

ಕೆಲಸ ಹೋಯಿತು ಎಂದರೆ ಸಾಲದು, ಹೇಗೆ ಹೋಯಿತು ಎನ್ನುವುದನ್ನೂ ಹೇಳಬೇಕು.

ಆ ಅಷ್ಟಮಿಯ ಮಧ್ಯಾಹ್ನ ಧಕ್ಕೆಯಲ್ಲಿ ಎಷ್ಟು ಜನ ಇರುತ್ತಾರೋ ಎಂದು ನನಗೆ ಅನುಮಾನವಿತ್ತು. ನಾನಂತೂ ಹೊರಟೆ. ಗಂಡ ಬಾಗಿಲಲ್ಲಿ ಮುಖ ಊದಿಸಿ ನಿಂತಿದ್ದರು. ಚಪ್ಪಲಿ ಹಾಕುತ್ತಿರುವಾಗ ಹಿಂದಿನಿಂದ ಅತ್ತೆಯ ದನಿ ಬಂತು, “ನನ್ನ ಚೀಲ ಎಲ್ಲುಂಟು?” ಪಂಚಾಂಗದ ಅತ್ತೆ, ಅಷ್ಟಮಿಯ ದಿನ, ಕೊಡೆ ಬಟ್ಟೆಯ ಚಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡು ತಯಾರಾಗಿದ್ದರು. ಮಗ ಏನೋ ಹೇಳಲು ಬಾಯಿ ತೆರೆದರು. ಅತ್ತೆ ಅವರ ಕಡೆ ನೋಡಲೂ ಇಲ್ಲ.

ಧಕ್ಕೆಯಲ್ಲಿ ನಾವು ಆರು ಜನರಾದೆವು. ಊಟ ಮುಗಿಯಿತು. ನೀರು ಏರಲು ಶುರುವಾಗಿತ್ತು, ಅವಸರವಿಲ್ಲದೆ. ಅಕ್ಕೋರು ನಮ್ಮನ್ನು ಒಬ್ಬೊಬ್ಬರಾಗಿ ಕೂರಿಸಿದರು. ಹಗ್ಗದ ತುದಿಯನ್ನು ಧಕ್ಕೆಯ ಗೂಟಕ್ಕೆ ಕಟ್ಟಿ, ತಾವು ಕೊನೆಯ ಟ್ಯೂಬಿನಲ್ಲಿ ಕೂತರು. ಅಷ್ಟರಲ್ಲಿ ಗಜನಿಯ ಕಟ್ಟೆಯ ಮೇಲೆ, ಉಪ್ಪುನೀರು ಗದ್ದೆಗೆ ನುಗ್ಗದಂತೆ ಹಾಕಿದ ಮಣ್ಣಿನ ಕಟ್ಟೆ ಅದು, ಅಧ್ಯಕ್ಷರು ಬಿಳಿ ಪಂಚೆ ಎತ್ತಿ ಹಿಡಿದು ಅವಸರವಾಗಿ ನಡೆದು ಬರುವುದು ಕಾಣಿಸಿತು. ಧಕ್ಕೆಯ ಮೇಲೆ ಬಂದು ನಿಂತು ಏದುಸಿರು ಬಿಟ್ಟರು.

“ಅಕ್ಕೋರೆ, ಜಗಳ ಬೇಡ. ಈಗ್ಲೇ ಎಲ್ರನ್ನೂ ಮೇಲೆ ಹತ್ಸಿ. ನಾಳೆಯೇ ನಿಮ್ಮ ಆದೇಶಕ್ಕೆ ಸಹಿ ಹಾಕ್ತೆ. ಹಗ್ಗ ಬಿಚ್ಚಿದ್ರೆ ಜೂನ್‌ಗೆ ನೀವು ಶಾಲೆಗೆ ಬರುದು ಬೇಡ.”

 ಅಧ್ಯಕ್ಷರು ನಮ್ಮ ಸಾಲನ್ನು ನೋಡಿ, ನಮ್ಮಲ್ಲಿ ಹಿರಿಯರಾದ ಅತ್ತೆಯನ್ನು ಗುರುತು ಹಿಡಿದು ದನಿ ಇಳಿಸಿದರು. “ಅಮ್ಮ, ಹೋದ ವರ್ಷ ಜೀವ ಹೋಗುವ ಹಾಗೆ ಆಗಿತ್ತಲ್ಲ. ನೀವಾದ್ರೂ ಇವ್ರಿಗೆ ಬುದ್ಧಿ ಹೇಳಿ.”

ಅತ್ತೆ ಟ್ಯೂಬಿನ ಮೇಲೆ ಕಾಲು ಮಡಚಿ, ಸೀರೆಯನ್ನು ಪಾದದವರೆಗೆ ಎಳೆದುಕೊಂಡು ಕೂತಿದ್ದರು. “ಹೋದ ವರ್ಷ ದಿನ ಬದ್ಲು ಮಾಡ್ಸಿದ್ದು ನಾನು” ಎಂದರು. “ಪೂಜೆ ಅಂತ ತಡ ಮಾಡಿದ್ದೂ ನಾನೇ. ಬೈಯುದಿದ್ರೆ ನನ್ಗೆ ಬೈರಿ. ಇವತ್ತು ದಿನ ಸರಿ ಉಂಟು.”

ಅಧ್ಯಕ್ಷರು ಅಕ್ಕೋರ ಮುಖ ನೋಡಿದರು. ನಾನೂ ನೋಡಿದೆ.  ಆ ಕೆಲಸವನ್ನು ಅವರು ಎಷ್ಟು ಪ್ರೀತಿಸುತ್ತಿದ್ದರು ಎನ್ನುವುದು ನನಗೆ ಗೊತ್ತು, ಹೊಲಿಗೆ ಎಲ್ಲಿ ಬೇಕಾದರೂ ಸಿಗುತ್ತದೆ, ಎಂಟನೇ ತರಗತಿಯ ಹುಡುಗಿಯರು ಸಿಗುವುದಿಲ್ಲ. ಅವರು ಬಗ್ಗಿ ಗೂಟದ ಗಂಟಿಗೆ ಕೈ ಹಾಕಿದರು. ಗಂಟು ಒದ್ದೆಯಾಗಿ ಬಿಗಿದಿತ್ತು, ಹಲ್ಲಿನಿಂದ ಕಚ್ಚಿ ಸಡಿಲಿಸಿದರು. ಹಗ್ಗ ನೀರಿಗೆ ಬಿತ್ತು.

ಸಾಲು ಮೆಲ್ಲಗೆ ಮೇಲಕ್ಕೆ ಹೊರಟಿತು. ಅಧ್ಯಕ್ಷರು ಕಟ್ಟೆಯ ಮೇಲೆ ನಮ್ಮ ಜೊತೆಜೊತೆಗೇ ನಡೆಯುತ್ತ ಬಂದರು.  ಕಟ್ಟೆ ಒಡೆದ ಕಡೆ ಹೊಸ ನೀರು ಗದ್ದೆಯೊಳಗೆ ಹರಿಯುತ್ತಿತ್ತು. ಅಲ್ಲಿಂದ ಮುಂದೆ ಅವರಿಗೆ ದಾರಿ ಇರಲಿಲ್ಲ. ಪಂಚೆ ಹಿಡಿದುಕೊಂಡು ಅಲ್ಲೇ ನಿಂತು ನೋಡಿದರು.

“ಅಮ್ಮ” ಎಂದರು ಅಕ್ಕೋರು ಹಿಂದಿನಿಂದ, “ಕಾಲು ನೀರಿಗೆ ಬಿಡಿ.”

ಅತ್ತೆ ಒಮ್ಮೆ ಕಟ್ಟೆಯ ಕಡೆ ನೋಡಿದರು. ಆಮೇಲೆ, ಅಧ್ಯಕ್ಷರು ನೋಡುತ್ತಿರುವ ಹಾಗೆಯೇ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಎರಡೂ ಕಾಲನ್ನು ನೀರಿಗೆ ಬಿಟ್ಟರು.